ಹೀಲಾ ಕೋಶದೊಳಗೆ ಅಡಗಿದ್ದ ವೈರಸ್

ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ 1951ರ ಆರಂಭದಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ವರ್ಣೀಯ ಮಹಿಳೆ ಬಂದರು. ಐದು ಮಕ್ಕಳ ತಾಯಿ. ವರ್ಜೀನಿಯದ ಹೊಗೆಸೊಪ್ಪಿನ ಹೊಲಗಳಲ್ಲಿ ದುಡಿದವರು. ಅವರ ಗರ್ಭಕಂಠದಲ್ಲಿ ಮುಟ್ಟಿದರೆ ರಕ್ತ ಸುರಿಯುವ ಗಡ್ಡೆಯೊಂದಿತ್ತು. ಇದು ತಾವು ಸಾಮಾನ್ಯವಾಗಿ ಕಾಣುವಂಥದ್ದಲ್ಲ ಎಂದು ಪರೀಕ್ಷಿಸಿದ ವೈದ್ಯ ಹೋವರ್ಡ್ ಜೋನ್ಸ್ ಅವರಿಗೆ ಅನಿಸಿತ್ತು. ಆದರೂ ಪ್ರಯೋಗಶಾಲೆಯ ವರದಿ ಅದನ್ನು ಮಾಮೂಲಿ ಬಗೆಯ ಕ್ಯಾನ್ಸರ್ ಎಂದೇ ಗುರುತಿಸಿತು. ರೇಡಿಯಂ ಚಿಕಿತ್ಸೆ ಫಲಿಸಲಿಲ್ಲ. ಅದೇ ಅಕ್ಟೋಬರ್ 4ರಂದು, 31ನೆಯ ವಯಸ್ಸಿನಲ್ಲಿ, ಹೆನ್ರಿಯೆಟಾ ತೀರಿಕೊಂಡರು.

ಆದರೆ ಅವರ ಒಪ್ಪಿಗೆ ಕೇಳದೆಯೇ ತೆಗೆದ ಗಡ್ಡೆಯ ತುಣುಕು ಉಳಿಯಿತು. ವಿಜ್ಞಾನಿ ಜಾರ್ಜ್ ಗೈ ಅವರ ಪ್ರಯೋಗಶಾಲೆಯಲ್ಲಿ ಅದರ ಜೀವಕೋಶಗಳು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಬೆಳೆದವು. ಹೆಸರಿನ ಮೊದಲಕ್ಷರಗಳಿಂದ 'ಹೀಲಾ' ಎನಿಸಿಕೊಂಡ ಈ ಕೋಶಗಳು ಪೋಲಿಯೊ ಲಸಿಕೆಯ ಪರೀಕ್ಷೆಗೂ ನೆರವಾಗಿ ಜಗತ್ತಿನೆಲ್ಲೆಡೆ ಹರಡಿದವು.

ಎರಡು ಬಗೆ

ಗರ್ಭಕಂಠದ ಹೊರಭಾಗವನ್ನು ಚಪ್ಪಟೆ ಕೋಶಗಳು ಮುಚ್ಚಿವೆ. ಒಳಗಿನ ನಾಳದಲ್ಲಿ ಲೋಳೆ ಸ್ರವಿಸುವ ಗ್ರಂಥಿಕೋಶಗಳಿವೆ. ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಮೊದಲನೆಯವುಗಳಲ್ಲಿ. ಗ್ರಂಥಿಕೋಶಗಳಲ್ಲಿ ಹುಟ್ಟುವ 'ಅಡಿನೊಕಾರ್ಸಿನೋಮ' ಅಷ್ಟು ಸಾಮಾನ್ಯವಲ್ಲ. ಹಳೆಯ ಮಾದರಿಯನ್ನು 1971ರಲ್ಲಿ ಮರುಪರಿಶೀಲಿಸಿದ ಜೋನ್ಸ್ ಮತ್ತು ಸಹೋದ್ಯೋಗಿಗಳು, ಹೆನ್ರಿಯೆಟಾ ಅವರದು ಈ ಎರಡನೆಯ ಬಗೆಯೆಂದು ತಿದ್ದಿದರು. ಆ ಕಾಲದಲ್ಲಿ ಎರಡಕ್ಕೂ ಚಿಕಿತ್ಸೆ ಒಂದೇ ಆಗಿದ್ದುದರಿಂದ ಮೊದಲೇ ತಿಳಿದಿದ್ದರೂ ಚಿಕಿತ್ಸೆ ಬದಲಾಗುತ್ತಿರಲಿಲ್ಲ.

ಕಾರಣದ ಹುಡುಕಾಟ

ಸನ್ಯಾಸಿನಿಯರಲ್ಲಿ ಗರ್ಭಾಶಯದ ಕ್ಯಾನ್ಸರ್ ವಿರಳವೆಂದು ಇಟಲಿಯ ವೆರೋನಾದ ವೈದ್ಯ ರಿಗೋನಿ ಸ್ಟರ್ನ್ 1842ರಲ್ಲೇ ಹೇಳಿದ್ದರು. ದಾಂಪತ್ಯಕ್ಕೂ ಈ ರೋಗಕ್ಕೂ ನಂಟಿರಬೇಕು ಎಂಬ ಸಂಶಯಕ್ಕೆ ಅದು ಮೂಲವಾಯಿತು. 1970ರ ದಶಕದ ವಿಜ್ಞಾನಿಗಳು ಹರ್ಪಿಸ್ ವೈರಸ್ಸನ್ನು ಶಂಕಿಸಿದರು. ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಒಪ್ಪಲಿಲ್ಲ. ಅವರ ಅನುಮಾನ ನರಹುಲಿ ತರುವ ಪ್ಯಾಪಿಲೋಮ ವೈರಸ್, ಅಂದರೆ ಎಚ್‌ಪಿವಿಯ ಮೇಲಿತ್ತು.

ಅವರ ತಂಡ 1983ರಲ್ಲಿ ಕ್ಯಾನ್ಸರ್ ಗಡ್ಡೆಯಿಂದ ಎಚ್‌ಪಿವಿ-16 ಅನ್ನೂ, 1984ರಲ್ಲಿ ಎಚ್‌ಪಿವಿ-18 ಅನ್ನೂ ಬೇರ್ಪಡಿಸಿತು. ಎರಡನೆಯದು ಹೀಲಾ ಕೋಶಗಳಲ್ಲೂ ಇತ್ತು! ಮೂರು ದಶಕಗಳಿಂದ ಲೆಕ್ಕವಿಲ್ಲದಷ್ಟು ಪ್ರಯೋಗಶಾಲೆಗಳು ಬೆಳೆಸುತ್ತಿದ್ದ ಕೋಶಗಳೊಳಗೇ ರೋಗದ ಮೂಲ ಕುಳಿತಿತ್ತು. ಈ ಸಾಧನೆಗೆ ಹೌಸೆನ್ 2008ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ವೈರಸ್ಸಿನ ಇ6 ಮತ್ತು ಇ7 ಎಂಬ ಪ್ರೋಟೀನುಗಳು ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪ್ರೋಟೀನುಗಳನ್ನು ನಿಷ್ಕ್ರಿಯಗೊಳಿಸುತ್ತವೆ. ಇವೆರಡನ್ನು ತಡೆದರೆ ಹೀಲಾ ಕೋಶಗಳ ಬೆಳವಣಿಗೆಯೂ ನಿಲ್ಲುತ್ತದೆ. ಸೋಂಕು ತಗುಲಿದವರಿಗೆಲ್ಲ ಕ್ಯಾನ್ಸರ್ ಬರುವುದಿಲ್ಲ. ಬಹುಪಾಲು ಸೋಂಕುಗಳು ಒಂದೆರಡು ವರ್ಷಗಳಲ್ಲಿ ತಾವಾಗಿಯೇ ಮಾಯವಾಗುತ್ತವೆ. ಉಳಿದುಕೊಂಡದ್ದೇ ಅಪಾಯಕಾರಿ.

ಕಣ್ತಪ್ಪಿಸುವ ರೋಗ

ಗ್ರೀಸ್ ಮೂಲದ ಜಾರ್ಜ್ ಪಾಪನಿಕೊಲಾವ್ ರೂಪಿಸಿದ 'ಪ್ಯಾಪ್' ಪರೀಕ್ಷೆ ಅಸಂಖ್ಯ ಜೀವಗಳನ್ನು ಉಳಿಸಿದೆ. ಆದರೆ ಗ್ರಂಥಿಕೋಶಗಳ ಕ್ಯಾನ್ಸರ್ ನಾಳದೊಳಗೆ ಹುಟ್ಟುವುದರಿಂದ ಈ ಪರೀಕ್ಷೆಗೆ ಸುಲಭವಾಗಿ ಸಿಗದು. ಪರೀಕ್ಷೆ ವ್ಯಾಪಕವಾದ ದೇಶಗಳಲ್ಲಿ ಚಪ್ಪಟೆ ಕೋಶಗಳ ಕ್ಯಾನ್ಸರ್ ಇಳಿದಷ್ಟು ಇದು ಇಳಿಯಲಿಲ್ಲ. ಇದರಲ್ಲಿ ಎಚ್‌ಪಿವಿ-18ರ ಪಾಲು ದೊಡ್ಡದು. ಆದ್ದರಿಂದ ಕೋಶದ ರೂಪಕ್ಕಿಂತ ವೈರಸ್ಸನ್ನೇ ಹುಡುಕುವ ಎಚ್‌ಪಿವಿ ಪರೀಕ್ಷೆಗೆ ಹೆಚ್ಚಿನ ಮಹತ್ವ ಬಂದಿದೆ. ಗ್ರಂಥಿ ಕ್ಯಾನ್ಸರುಗಳಲ್ಲಿ ವೈರಸ್ಸಿನ ಸಂಬಂಧವಿಲ್ಲದವೂ ಕೆಲವಿವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರ್ಗೀಕರಣ ಅವನ್ನು ಪ್ರತ್ಯೇಕವಾಗಿಯೇ ಗುರುತಿಸಿದೆ.

ಎಚ್‌ಪಿವಿ-16 ಮತ್ತು 18ರ ವಿರುದ್ಧದ ಲಸಿಕೆ 2006ರಲ್ಲಿ ಬಳಕೆಗೆ ಬಂತು. ಗರ್ಭಕಂಠದ ಕ್ಯಾನ್ಸರುಗಳಲ್ಲಿ ಶೇ 70ರಷ್ಟಕ್ಕೆ ಇವೆರಡೇ ಕಾರಣ. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ದೇಶೀಯ ಲಸಿಕೆಗೆ 2022ರಲ್ಲಿ ಅನುಮತಿ ದೊರೆಯಿತು. ಸೋಂಕು ತಗುಲುವ ಮುನ್ನವೇ, ಅಂದರೆ ಹರೆಯದ ಆರಂಭದಲ್ಲೇ, ಕೊಟ್ಟರೆ ಫಲ ಹೆಚ್ಚು. ಲಸಿಕೆ ಹಾಕಿಸಿಕೊಂಡವರಿಗೂ ಮುಂದೆ ತಪಾಸಣೆ ಬೇಕು.

ಹೆನ್ರಿಯೆಟಾ ಅವರ ಕಾಲದಲ್ಲಿ ಎಚ್‌ಪಿವಿ ಪರೀಕ್ಷೆಯಾಗಲಿ ಲಸಿಕೆಯಾಗಲಿ ಇರಲಿಲ್ಲ. ಅವರ ಜೀವ ತೆಗೆದ ವೈರಸ್ಸನ್ನು ಅರಿಯಲು ಅವರದೇ ಕೋಶಗಳು ನೆರವಾದವು. ಅದರ ಫಲ ಇಂದು ಯಾವ ದೇಶದ ಹೆಣ್ಣುಮಗುವಿಗೂ ಸಿಗಬಹುದಾಗಿದೆ.