ಮನೋವಿಜ್ಞಾನ ವ್ಯಾಸಂಗ, ಭಾರತದಲ್ಲಿ
ಮನೋವಿಜ್ಞಾನ ವ್ಯಾಸಂಗ: ಮನುಷ್ಯನ ಗ್ರಹಿಕೆ, ನೆನಪು, ಭಾವನೆ, ವರ್ತನೆಗಳನ್ನು ಪ್ರಯೋಗ ಮತ್ತು ಮಾಪನಗಳ ಮೂಲಕ ಅರಿಯುವ ವಿಶ್ವವಿದ್ಯಾಲಯ ಶಿಕ್ಷಣ. ತತ್ತ್ವಶಾಸ್ತ್ರದ ಅಂಗವಾಗಿದ್ದ ಈ ವಿಷಯಕ್ಕೆ 1879ರಲ್ಲಿ ಲೈಪ್‌ಜಿಗ್‌ನಲ್ಲಿ ವಿಲ್‌ಹೆಲ್ಮ್ ವುಂಟ್ ಪ್ರಯೋಗಾಲಯದ ನೆಲೆ ಒದಗಿಸಿದ. ಭಾರತದಲ್ಲಿ ಪ್ರತ್ಯೇಕ ವಿಭಾಗ ಮೊದಲು ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ (1916), ಬಳಿಕ ಮೈಸೂರು ವಿಶ್ವವಿದ್ಯಾಲಯದಲ್ಲಿ (1924) ತೆರೆಯಿತು. ಮೈಸೂರಿನ ವಿಭಾಗವನ್ನು ಕಟ್ಟಿದವರು ಎಂ. ವಿ. ಗೋಪಾಲಸ್ವಾಮಿ.

ಪದವಿ ಹಂತದಲ್ಲಿ ಬೆಳವಣಿಗೆ, ಸಾಮಾಜಿಕ ಮತ್ತು ಅಸಾಮಾನ್ಯ ಮನೋವಿಜ್ಞಾನಗಳ ಜೊತೆಗೆ ಸಂಖ್ಯಾಶಾಸ್ತ್ರವೂ ಉಂಟು. ಅನೇಕ ವಿದ್ಯಾರ್ಥಿಗಳು ಇದನ್ನು ನಿರೀಕ್ಷಿಸಿರುವುದಿಲ್ಲ. ಪ್ರಯೋಗ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಕನ್ನಡಿಯ ಬಿಂಬವನ್ನಷ್ಟೇ ನೋಡುತ್ತ ನಕ್ಷತ್ರದ ಅಂಚಿನ ಮೇಲೆ ಪೆನ್ಸಿಲ್ ಎಳೆಯುತ್ತಾನೆ. ಎದುರು ಕುಳಿತವನು ಸ್ಟಾಪ್‌ವಾಚ್ ಹಿಡಿದು ಸಮಯವನ್ನೂ ತಪ್ಪುಗಳನ್ನೂ ಬರೆದುಕೊಳ್ಳುತ್ತಾನೆ. ಸುತ್ತು ಸುತ್ತಿಗೂ ತಪ್ಪು ಕಡಿಮೆಯಾಗುವುದೇ ಕಲಿಕೆಯ ಅಳತೆ.

ಬಿ.ಎ. ಅಥವಾ ಬಿ.ಎಸ್‌ಸಿ. ಪದವಿಯೊಂದರಿಂದಲೇ ಯಾರೂ ಚಿಕಿತ್ಸಕರಾಗುವುದಿಲ್ಲ. ಚಿಕಿತ್ಸಾ ಮನೋವಿಜ್ಞಾನಿಯಾಗಲು 1992ರ ಕಾಯ್ದೆಯಡಿಯ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ತರಬೇತಿ ಮತ್ತು ನೋಂದಣಿ ಬೇಕು; ಸ್ನಾತಕೋತ್ತರ ಪದವಿಯ ನಂತರದ ಎರಡು ವರ್ಷದ ಎಂ.ಫಿಲ್. ಬಹುಕಾಲ ಇದರ ಮುಖ್ಯ ದಾರಿಯಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಇಂಥ ತರಬೇತಿಯ ಹಿರಿಯ ಕೇಂದ್ರ. ಔಷಧಿ ಬರೆಯುವ ಮನೋವೈದ್ಯರು ಎಂ.ಬಿ.ಬಿ.ಎಸ್. ಮುಗಿಸಿ ಬಂದವರು; ಚಿಕಿತ್ಸಾ ಮನೋವಿಜ್ಞಾನಿ, ಮನೋವೈದ್ಯ ಇಬ್ಬರನ್ನೂ ಒಂದೇ ಎಂದು ತಿಳಿಯುವುದು ರೋಗಿಗಳಿಗೆ ತೊಂದರೆ ತರುವ ತಪ್ಪು.

ಶಾಲಾ ಆಪ್ತಸಮಾಲೋಚನೆ, ಸಿಬ್ಬಂದಿ ಆಯ್ಕೆ, ಬೋಧನೆ, ಸಂಶೋಧನೆ, ಮಾರುಕಟ್ಟೆ ಸಮೀಕ್ಷೆ ಇತರ ಉದ್ಯೋಗ ಕ್ಷೇತ್ರಗಳು.