ಕನಸಿನೊಳಗಣ ಅರಿವು: ಒಂದು ಚಾರಿತ್ರಿಕ ಸಮೀಕ್ಷೆ

ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಅವಸ್ಥಾತ್ರಯದ ವಿಚಾರ ನಮ್ಮವರಿಗೆ ಹೊಸದಲ್ಲ. ಮಾಂಡೂಕ್ಯೋಪನಿಷತ್ತು ಇವುಗಳನ್ನು ವಿವರಿಸಿ ಇವುಗಳಾಚೆಯ ತುರೀಯವನ್ನು ಹೇಳುತ್ತದೆ. ವಚನಗಳನ್ನು ಓದುವವರಿಗಂತೂ ಅರಿವು-ಮರವೆಗಳ ದ್ವಂದ್ವ ಚಿರಪರಿಚಿತ. ಸಾಮಾನ್ಯ ಕನಸಿನ ಲಕ್ಷಣವೇ ಮರವೆ. ಕಾಣುತ್ತಿರುವುದು ಕನಸೆಂಬುದು ಕಾಣುವವನಿಗೆ ತಿಳಿಯದು. ಆದರೆ ಕೆಲವೊಮ್ಮೆ ನಿದ್ರೆ ಕೆಡದೆಯೇ ‘ಇದು ಕನಸು’ ಎಂಬ ಅರಿವು ಮೂಡುವುದುಂಟು. ಪಾಶ್ಚಾತ್ಯರು ಇದನ್ನು ‘ಲೂಸಿಡ್ ಡ್ರೀಮ್’ ಎನ್ನುತ್ತಾರೆ. ನಾವು ‘ಸಪ್ರಜ್ಞ ಸ್ವಪ್ನ’ ಎನ್ನಬಹುದು. ಪರರು ನಂಬದಿದ್ದ ಈ ಸ್ವಾನುಭವ ಅಲ್ಲಿ ಪ್ರಮಾಣಸಿದ್ಧವಾದ ಬಗೆ ವಿಚಾರಯೋಗ್ಯವಾಗಿದೆ.

ನಿದ್ರಿಸುವಾಗಲೂ ಕಾಣುವುದು ಕನಸೆಂದು ಒಳಗಿನಿಂದ ಏನೋ ತಿಳಿಸುವುದುಂಟೆಂದು ಗ್ರೀಸಿನ ಅರಿಸ್ಟಾಟಲನೇ ಸ್ವಪ್ನವಿಚಾರದಲ್ಲಿ ಹೇಳಿದ್ದಾನೆ. ಕ್ರಿ.ಶ. 415ರ ಸುಮಾರಿಗೆ ಸಂತ ಅಗಸ್ಟೀನನು ಬರೆದ ಪತ್ರವೊಂದರಲ್ಲಿ ಗೆನ್ನಾಡಿಯಸ್ ಎಂಬ ವೈದ್ಯನ ವೃತ್ತಾಂತವಿದೆ. ಮರಣಾನಂತರ ಬಾಳುಂಟೇ ಎಂಬ ಸಂಶಯ ಆತನಿಗಿತ್ತು. ಕನಸಿನಲ್ಲಿ ಬಂದ ತರುಣನೊಬ್ಬನು “ನಿನ್ನ ದೇಹವೆಲ್ಲಿದೆ?” ಎಂದು ಕೇಳಿದನು. “ಹಾಸಿಗೆಯಲ್ಲಿದೆ” ಎಂದನು ವೈದ್ಯ. ದೇಹದ ಕಣ್ಣು ಮುಚ್ಚಿರುವಾಗ ಯಾವ ಕಣ್ಣಿನಿಂದ ನನ್ನನ್ನು ಕಾಣುತ್ತಿರುವೆ ಎಂಬ ಪ್ರಶ್ನೆಗೆ ಆತನಲ್ಲಿ ಉತ್ತರವಿರಲಿಲ್ಲ. ದೇಹವಳಿದರೂ ಕಾಣುವ ಶಕ್ತಿ ಉಳಿಯುವುದೆಂದು ಅಗಸ್ಟೀನನು ಇದರಿಂದ ಸೂಚಿಸಿದನು.

ಕಾಲಾನಂತರ ಈ ವಿಷಯ ಧರ್ಮಚರ್ಚೆಯಿಂದ ಸ್ವಾನುಭವದ ದಾಖಲೆಗೆ ತಿರುಗಿತು. ಚೀನೀ ಭಾಷಾವಿದ್ವಾಂಸನಾದ ಫ್ರಾನ್ಸಿನ ಎರ್ವೆ ದ ಸ್ಯಾಂ-ದೆನಿ 1867ರಲ್ಲಿ ಕನಸುಗಳನ್ನೂ ಅವನ್ನು ನಡೆಸುವ ಉಪಾಯಗಳನ್ನೂ ಕುರಿತು ಗ್ರಂಥವೊಂದನ್ನು ಪ್ರಕಟಿಸಿದನು. ಹಾಲೆಂಡಿನ ವೈದ್ಯ-ಸಾಹಿತಿ ಫ್ರೆಡರಿಕ್ ವಾನ್ ಏಡೆನ್ 1913ರಲ್ಲಿ ತನ್ನ ಇಂತಹ 352 ಕನಸುಗಳ ಆಧಾರದಿಂದ ಪ್ರಬಂಧವೊಂದನ್ನು ಮಂಡಿಸಿದನು. ‘ಲೂಸಿಡ್’ ಎಂಬ ಹೆಸರು ರೂಢಿಗೆ ಬಂದುದು ಈತನಿಂದಲೇ.

ಆದರೂ ವಿದ್ವಾಂಸರ ಶಂಕೆ ತೀರಲಿಲ್ಲ. ನಿದ್ರಿಸುವವನು ‘ನಾನು ನಿದ್ರಿಸುತ್ತಿದ್ದೇನೆ’ ಎಂದು ನಿರ್ಣಯಿಸುವುದು ಅಸಂಬದ್ಧವೆಂದು ತತ್ತ್ವಜ್ಞ ನಾರ್ಮನ್ ಮಾಲ್ಕಮ್ 1959ರಲ್ಲಿ ವಾದಿಸಿದನು. ಇವು ಕ್ಷಣಕಾಲದ ಎಚ್ಚರಗಳೇ ಹೊರತು ಕನಸುಗಳಲ್ಲವೆಂದರು ಮತ್ತೆ ಕೆಲವರು. ಎದ್ದ ಮೇಲೆ ಹೇಳುವ ಮಾತನ್ನು ನಂಬುವುದೆಂತು?

ಇದಕ್ಕೆ ಪರಿಹಾರ ದೊರೆತುದು ಮುಚ್ಚಿದ ಕಣ್ಣಿನಿಂದಲೇ. 1953ರಲ್ಲಿ ಷಿಕಾಗೋದ ಆಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ನರು, ನಿದ್ರೆಯ ಒಂದು ಘಟ್ಟದಲ್ಲಿ ಕಣ್ಣಾಲಿಗಳು ತೀವ್ರವಾಗಿ ಚಲಿಸುವುದನ್ನೂ ಆಗ ಎಬ್ಬಿಸಿದವರು ಬಹುಮಟ್ಟಿಗೆ ಕನಸನ್ನು ಹೇಳುವುದನ್ನೂ ತೋರಿಸಿದ್ದರು. ಆ ಘಟ್ಟದಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲವಾಗಿ ನಿಶ್ಚಲವಾಗಿರುತ್ತವೆ; ಕಣ್ಣಿಗೆ ಮಾತ್ರ ಆ ಬಂಧನವಿಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಈ ಮಾರ್ಗವನ್ನೇ ಹಿಡಿದನು. 1975ರ ಏಪ್ರಿಲ್ 12ರಂದು ಆಲನ್ ವರ್ಸ್ಲಿ ಎಂಬಾತನು, ಮೊದಲೇ ಒಪ್ಪಿದ್ದಂತೆ, ಕನಸಿನೊಳಗಿನಿಂದ ಕಣ್ಣನ್ನು ಎಡಬಲಗಳಿಗೆ ಹೊರಳಿಸಿ ಸಂಜ್ಞೆ ಕೊಟ್ಟನು. ಮಿದುಳಿನ ಅಲೆಗಳು ನಿದ್ರೆಯನ್ನೇ ಸೂಚಿಸುತ್ತಿದ್ದವು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜನೂ ಸ್ವತಂತ್ರವಾಗಿ ಇದನ್ನೇ ಸಾಧಿಸಿ 1981ರಲ್ಲಿ ಪ್ರಕಟಿಸಿದನು. ಶಂಕೆಗೆ ಸಮಾಧಾನ ದೊರೆಯಿತು.

ಮಿದುಳಿನ ಮುಂಭಾಗವು ಆತ್ಮವಿಮರ್ಶೆ, ವಿವೇಚನೆಗಳಿಗೆ ಸಂಬಂಧಿಸಿದುದು. ಸಾಮಾನ್ಯ ಕನಸಿನಲ್ಲಿ ಅದರ ಚಟುವಟಿಕೆ ಕುಗ್ಗಿರುತ್ತದೆ. ಸಪ್ರಜ್ಞ ಸ್ವಪ್ನದಲ್ಲಿ ಅದು ಮತ್ತೆ ಚುರುಕಾಗುವುದನ್ನು 2012ರಲ್ಲಿ ಜರ್ಮನಿಯ ಸಂಶೋಧಕರು ವರದಿ ಮಾಡಿದರು. ಆದರೆ ಆ ಚಿತ್ರಣ ಒಬ್ಬನೇ ನಿದ್ರಿಸಿದವನದೆಂಬುದನ್ನು ಮರೆಯಲಾಗದು. 2021ರಲ್ಲಿ ನಾಲ್ಕು ದೇಶಗಳ ಸಂಶೋಧಕರು 36 ಮಂದಿಯನ್ನು ಪರೀಕ್ಷಿಸಿದರು. ನಿದ್ರಿಸುತ್ತಿದ್ದವನಿಗೆ ಎಂಟರಲ್ಲಿ ಆರು ಕಳೆದರೆಷ್ಟೆಂದು ಕೇಳಲು, ಕಣ್ಣಿನ ಸಂಜ್ಞೆಯಿಂದ ಎರಡೆಂಬ ಉತ್ತರ ಬಂದಿತು. ಬಹುಪಾಲು ಪ್ರಶ್ನೆಗಳಿಗೆ ಉತ್ತರ ಬಾರದಿದ್ದರೂ, ಬಂದವುಗಳಲ್ಲಿ ತಪ್ಪಿಗಿಂತ ಸರಿಯೇ ಹೆಚ್ಚಾಗಿದ್ದಿತು.

ಇದನ್ನು ಕಂಡು ‘ನಮ್ಮ ತುರೀಯವನ್ನೇ ಪಾಶ್ಚಾತ್ಯರು ಸಿದ್ಧಪಡಿಸಿದರು’ ಎಂದು ಹಿಗ್ಗುವವರುಂಟು. ಅದು ಅವಸರದ ಮಾತು. ಪ್ರಯೋಗಶಾಲೆ ತೋರಿಸಿದುದು ಇಷ್ಟೇ: ನಿದ್ರೆ ಮತ್ತು ಅರಿವು ಪರಸ್ಪರ ವಿರೋಧಿಗಳಲ್ಲ. ಕನಸನ್ನು ಕನಸೆಂದು ತಿಳಿದವನೂ ಅದರೊಳಗೆ ಹಾರಾಡಿ ಸುಖಿಸಲು ಬಯಸಬಹುದು. ಬಯಕೆ ಅಳಿಯಿತೆಂದು ಹೇಳಲಾಗದು. ಶರಣರು ಹೇಳಿದ ಅರಿವಾದರೋ ಆಚಾರವನ್ನು ಬಿಟ್ಟುದಲ್ಲ. ನಡೆ-ನುಡಿಗಳಲ್ಲಿ ಒಂದಾಗಿ ತೋರಬೇಕಾದುದು. ಅದರ ಪರೀಕ್ಷೆ ನಡೆಯುವುದು ನಿದ್ರೆಯಲ್ಲಲ್ಲ, ಹಗಲಿನ ಬಾಳಿನಲ್ಲಿ. ಈ ಅಂತರವನ್ನು ಮನಗಂಡು ಓದುವವರಿಗೆ ವಿಜ್ಞಾನದ ಈ ಚರಿತ್ರೆ ಮಿತ್ರನಂತೆ ನೆರವಾಗುವುದರಲ್ಲಿ ಸಂದೇಹವಿಲ್ಲ.