ಸರ್ವರ್ ಕೆಟ್ಟ ಸುದ್ದಿ ಮೊದಲು ಯಾರಿಗೆ ತಿಳಿಯಬೇಕು?

ಕರ್ನಾಟಕದ ಭೂದಾಖಲೆಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆಯ ಹೊಸದರಲ್ಲಿ, ಅಂದರೆ 2000ದ ಆಸುಪಾಸಿನಲ್ಲಿ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಪಹಣಿಗಳು ಆಯಾ ತಾಲ್ಲೂಕು ಕಚೇರಿಯ ಸರ್ವರಿನಲ್ಲೇ ಇರುತ್ತಿದ್ದವು. ಕೆಟ್ಟರೆ ಒಳಕೋಣೆಗೆ ಹೋಗಿ ನೋಡಿದರಾಯಿತು. ಮುಂದೆ ದಾಖಲೆಗಳೆಲ್ಲ ಬೆಂಗಳೂರಿನ ಕೇಂದ್ರ ಸರ್ವರಿಗೆ ಸೇರಿದವು. ಈಗ ರೈತ ಪಹಣಿ ಕೇಳಿದರೆ ಆ ಕೋರಿಕೆ ಕೌಂಟರಿನ ಕಂಪ್ಯೂಟರ್, ಊರಿನ ನೆಟ್‌ವರ್ಕ್, ವೆಬ್ ಸರ್ವರ್, ಡೇಟಾಬೇಸ್ ಎಲ್ಲವನ್ನೂ ದಾಟಿ ಬರಬೇಕು. ಎಲ್ಲಿ ತೊಡಕಾದರೂ ಕೌಂಟರಿನಲ್ಲಿ ಸಿಗುವ ಉತ್ತರ ಒಂದೇ: ‘ಸರ್ವರ್ ಡೌನ್’. ತೊಡಕು ಎಲ್ಲಿದೆ ಎಂದು ಹೇಳುವುದೇ ಮಾನಿಟರಿಂಗ್ ಸೇವೆಯ ಕೆಲಸ. ಸರತಿಯಲ್ಲಿ ನಿಂತವರಿಗಿಂತ ಮೊದಲು ಅದು ಹೇಳುತ್ತದೆಯೇ ಎಂಬುದರಿಂದಲೇ ಅದರ ಯೋಗ್ಯತೆಯನ್ನು ಅಳೆಯಬೇಕು.

ಈ ಕ್ಷೇತ್ರ ಬೆಳೆದು ಬಂದ ದಾರಿಯೂ ಇದನ್ನೇ ತೋರಿಸುತ್ತದೆ. 1999ರಲ್ಲಿ ಬಂದ, ಮುಂದೆ ನ್ಯಾಗಿಯೋಸ್ ಎಂದು ಹೆಸರಾದ ತಂತ್ರಾಂಶ ಮುಖ್ಯವಾಗಿ ಯಂತ್ರವನ್ನು ಕಾಯುತ್ತಿತ್ತು: ಚಾಲೂ ಇದೆಯೇ, ಡಿಸ್ಕ್ ತುಂಬಿತೇ? ಕ್ಲೌಡ್ ಬಂದ ಮೇಲೆ ಯಂತ್ರಗಳೇ ನಿಮಿಷಗಳಲ್ಲಿ ಹುಟ್ಟಿ ಅಳಿಯತೊಡಗಿದವು. 2008ರ ನ್ಯೂ ರೆಲಿಕ್, 2009ರ ಅಮೆಜಾನ್ ಕ್ಲೌಡ್‌ವಾಚ್, 2010ರ ಡೇಟಾಡಾಗ್ ಈ ಕಾಲದ ಕೂಸುಗಳು. 2012ರಲ್ಲಿ ಸೌಂಡ್‌ಕ್ಲೌಡ್ ಕಂಪನಿಯಲ್ಲಿ ಮೊದಲಾದ ಪ್ರೊಮಿಥಿಯಸ್ ಮುಕ್ತ ತಂತ್ರಾಂಶವಾಗಿ ಹರಡಿತು. 2016ರಲ್ಲಿ ಗೂಗಲ್ ಎಂಜಿನಿಯರುಗಳು ತಮ್ಮ ಪುಸ್ತಕದಲ್ಲಿ ವಿಳಂಬ, ದಟ್ಟಣೆ, ದೋಷ, ಭರ್ತಿ ಎಂಬ ನಾಲ್ಕು ಅಳತೆಗಳನ್ನು ಮುಂದಿಟ್ಟರು. ಹೀಗೆ ನಿಗಾ ಯಂತ್ರದಿಂದ ಬಳಕೆದಾರನ ಕೋರಿಕೆಯ ಕಡೆಗೆ ಸರಿಯಿತು.

ಕ್ಲೌಡ್ ಕಂಪನಿಯೇ ನಿಗಾ ಸೌಲಭ್ಯ ಕೊಡುವಾಗ ಬೇರೆಯದೇಕೆ ಎನ್ನುವವರಿದ್ದಾರೆ. 2017ರ ಫೆಬ್ರುವರಿ 28ರಂದು ಅಮೆಜಾನಿನ ಎಸ್3 ಸಂಗ್ರಹ ಸೇವೆ ಕೈಕೊಟ್ಟಾಗ, ಅದರ ಸ್ಥಿತಿಗತಿ ತಿಳಿಸಬೇಕಿದ್ದ ಪುಟವೂ ಎಸ್3ಯನ್ನೇ ನಂಬಿದ್ದರಿಂದ ಹೊತ್ತಿಗೆ ಸರಿಯಾಗಿ ಸುದ್ದಿ ಕೊಡಲಾಗಲಿಲ್ಲ. ಕಾವಲುಗಾರ ಕಾಯುವ ಮನೆಯೊಳಗೇ ಮಲಗಿದರೆ ಆಗುವುದು ಇದೇ. ಒಂದು ತಪಾಸಣೆಯಾದರೂ ಹೊರಗಿನಿಂದ, ಸಾಧ್ಯವಾದರೆ ಸಿಂದಗಿಯಂಥ ಊರಿನ ಸಾಮಾನ್ಯ ಸಂಪರ್ಕದಿಂದಲೇ, ನಡೆಯಬೇಕು. ಊರಿನ ನೆಟ್‌ವರ್ಕ್ ನಮ್ಮ ಹೊಣೆಯಲ್ಲ ಎಂಬ ಆಕ್ಷೇಪಕ್ಕೂ ಉತ್ತರ ಇಲ್ಲಿದೆ: ತಪ್ಪು ನೆಟ್‌ವರ್ಕಿನದೋ ತಂತ್ರಾಂಶದ್ದೋ ಎಂದು ಬೇರ್ಪಡಿಸಲು ಎರಡೂ ಕಡೆಯ ಅಳತೆ ಬೇಕು.

ಖರ್ಚಿನ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಪ್ರೊಮಿಥಿಯಸ್‌ಗೆ ಶುಲ್ಕವಿಲ್ಲ, ಆದರೆ ಅದನ್ನು ನಡೆಸಲು ಬಲ್ಲವರ ಸಂಬಳವಿದೆ. ಹಣ ಕೊಟ್ಟು ಕೊಳ್ಳುವ ಸೇವೆಗಳಲ್ಲಿ ಯಂತ್ರಗಳ ಸಂಖ್ಯೆ, ಲಾಗ್‌ಗಳ (ತಂತ್ರಾಂಶ ಬರೆದಿಡುವ ಘಟನಾ ದಾಖಲೆಗಳ) ಗಾತ್ರ ಬೆಳೆದಂತೆ ಬಿಲ್ಲೂ ಬೆಳೆಯುತ್ತದೆ. ಲಾಗ್‌ಗಳನ್ನು 180 ದಿನ ಭಾರತದ ವ್ಯಾಪ್ತಿಯಲ್ಲೇ ಇಡಬೇಕೆಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಸೂಚಿಸಿರುವುದರಿಂದ ಎಲ್ಲವನ್ನೂ ಅಳಿಸುವಂತೆಯೂ ಇಲ್ಲ. ಹಾಗಾಗಿ ಲಾಗ್‌ಗಳನ್ನು ಅಗ್ಗದ ಸಂಗ್ರಹದಲ್ಲಿಟ್ಟು, ಆಧಾರ್ ಸಂಖ್ಯೆಯಂಥವನ್ನು ಮರೆಮಾಡಿ, ಅಳತೆಗಳನ್ನಷ್ಟೇ ಸೇವೆಗೆ ಕಳಿಸುವುದು ಜಾಣತನ. 2019ರಲ್ಲಿ ರೂಪುಗೊಂಡ ಓಪನ್‌ಟೆಲಿಮೆಟ್ರಿಯ ಮುಕ್ತ ಮಾನದಂಡ ಪಾಲಿಸಿದರೆ ನಾಳೆ ಸೇವೆ ಬದಲಿಸುವುದೂ ಸುಲಭ.

ಕೊಳ್ಳುವ ಮುನ್ನ ತಂತ್ರಾಂಶದ ಪರೀಕ್ಷಾ ಪ್ರತಿಯೊಂದರಲ್ಲಿ ಡೇಟಾಬೇಸನ್ನು ಬೇಕೆಂದೇ ನಿಲ್ಲಿಸಿ ನೋಡಿ. ಕೌಂಟರಿನಿಂದ ಫೋನ್ ಬರುವ ಮೊದಲು ಎಚ್ಚರಿಕೆ ಬಾರದಿದ್ದರೆ, ಪರದೆ ಎಷ್ಟೇ ಚೆಂದವಿರಲಿ, ಆ ಸೇವೆ ಬೇಡ.